ಪ್ರಾಜೆಕ್ಟುಗಳು ಕಪಾಟಿನಲ್ಲೇ ಉಳಿಯಬೇಕೆ?

ಕಾಲೇಜಿನ ಪ್ರಾಜೆಕ್ಟು ವರದಿಗಳ ಗತಿಯೇನು? ಅಂಕ ದೊರೆತೊಡನೆ ಅವು ಕಪಾಟು ಸೇರುತ್ತವೆ. ಮರುವರ್ಷದವರು ಅದೇ ಕೆಲಸವನ್ನು ಮೊದಲಿನಿಂದ ಆರಂಭಿಸುತ್ತಾರೆ. ಈ ನಷ್ಟವನ್ನು ತಡೆಯಲು, ಪ್ರಾಜೆಕ್ಟುಗಳನ್ನು ನಿರ್ವಹಿಸುವ ವೆಬ್ ತಂತ್ರಾಂಶವೊಂದನ್ನು ವಿದ್ಯಾರ್ಥಿಗಳೇ ರಚಿಸಿಕೊಳ್ಳುವುದು ಲೇಸು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಅಡಕೆ ತೋಟಗಳನ್ನು ಕಾಡುತ್ತಿರುವ ಹಳದಿ ಎಲೆ ರೋಗವನ್ನೇ ನೋಡಿರಿ. ರೋಗ ತಗುಲಿದ ಮರ ಒಡನೆ ಸಾಯದು. ಇಳುವರಿ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ. ಒಂದು ತಂಡದ ಒಂದು ವರ್ಷದ ಅಳತೆಯಿಂದ ಇದನ್ನು ಅರಿಯಲಾದೀತೆ? ಆದುದರಿಂದ ತೋಟ, ಮರ, ದಿನಾಂಕ, ಅಳತೆಯ ವಿಧಾನ ಇವೆಲ್ಲವೂ ಪ್ರತಿವರ್ಷ ಒಂದೇ ಕ್ರಮದಲ್ಲಿ ದಾಖಲಾಗಬೇಕು. ತಿದ್ದಿದರೂ ಹಳೆಯ ದಾಖಲೆ ಅಳಿಯಬಾರದು. ಪ್ರೋಗ್ರಾಮುಗಳ ಒಂದೊಂದು ತಿದ್ದುಪಡಿಯನ್ನೂ ಕಾಪಾಡುವ, 2005ರಲ್ಲಿ ಲೀನಸ್ ಟೋರ್ವಾಲ್ಡ್ಸ್ ರಚಿಸಿದ ‘ಗಿಟ್’ ಇದಕ್ಕೆ ಮಾದರಿಯಾಗಬಲ್ಲದು. ಮಳೆಗಾಲದಲ್ಲಿ ಸಂಪರ್ಕ ಕಡಿದರೆ ದಾಖಲೆ ಫೋನಿನಲ್ಲೇ ಉಳಿದು, ಸಂಪರ್ಕ ಮರಳಿದಾಗ ಸರ್ವರನ್ನು ತಲುಪಬೇಕು. ವಿಫಲ ಪ್ರಯೋಗಗಳಿಗೂ ಅಲ್ಲಿ ಸ್ಥಳವಿರಬೇಕು.

ಹಳೆಯ ವರದಿಗಳು ಕೈಗೆ ಸಿಕ್ಕರೆ ನಕಲು ಹೆಚ್ಚೀತೆಂದು ಕೆಲವರು ಅಂಜುತ್ತಾರೆ. ಎಲ್ಲವೂ ಅಧ್ಯಾಪಕರ ಕಣ್ಣೆದುರೇ ಇದ್ದರೆ ನಕಲು ಬೇಗ ಸಿಕ್ಕಿಬೀಳುತ್ತದೆ. ಕಪಾಟಿನ ಕತ್ತಲೆಯೇ ಅದಕ್ಕೆ ಹೆಚ್ಚು ಅನುಕೂಲ. ಈ ತಂತ್ರಾಂಶದ ರಚನೆಯನ್ನೇ ತಮ್ಮ ಮುಂದಿನ ಪ್ರಾಜೆಕ್ಟಾಗಿ ಕೈಗೊಳ್ಳುವ ವಿದ್ಯಾರ್ಥಿಗಳು ಮುಂದೆ ಬರಲಿ.