ಬಿಡಾರ ಹೊತ್ತು ಬೇಟೆಗೆ

ಅಮೆರಿಕದ ಕೊಲೊರಾಡೊದಲ್ಲಿ ಅಕ್ಟೋಬರ್ ಬಂತೆಂದರೆ ಎಲ್ಕ್ ಬೇಟೆಯ ಕಾಲ. ಎಲ್ಕ್ ಎಂದರೆ ನಮ್ಮ ಕಡವೆಯ ದೊಡ್ಡಣ್ಣ ಎನ್ನಬಹುದಾದ ಜಿಂಕೆ. 9,000–10,000 ಅಡಿ ಎತ್ತರದ ಕಾಡುದಾರಿಗಳ ಪಕ್ಕ, ಗುಡಾರಗಳ ನಡುವೆ, ಗಾಲಿಯ ಮೇಲಿನ ಮನೆಗಳೂ ಬಂದು ಬಿಡಾರ ಹೂಡುತ್ತವೆ. ಅಲ್ಲಿನವರ ಬಾಯಲ್ಲಿ ಇವು ಆರ್.ವಿ. ಒಳಗೆ ಹಾಸಿಗೆ, ಒಲೆ, ಕಕ್ಕಸು, ಬಿಸಿಗಾಳಿಯ ಯಂತ್ರ. ಗುಡಾರದವರಿಗೆ ಆರ್.ವಿ.ಯವರನ್ನು ಕಂಡರೆ ಒಂದಿಷ್ಟು ತಾತ್ಸಾರ: ಮನೆಯನ್ನೇ ಎಳೆದು ತಂದ ಮೇಲೆ ಅದೆಂಥ ಬೇಟೆ?

ಈ ತಾತ್ಸಾರಕ್ಕೆ ಹೆಚ್ಚು ಬುಡವಿಲ್ಲ. ಬೇಟೆ ಹೊಟ್ಟೆಪಾಡಾಗಿದ್ದಾಗಿನ ಮಾತು ಬೇರೆ. ಹವ್ಯಾಸವಾದ ಮೇಲೆ ಸೌಕರ್ಯ ಅದರ ಬೆನ್ನಿಗೇ ಬಂದಿದೆ. ನಮ್ಮ ಕಾಕನಕೋಟೆಯಲ್ಲಿ ಕಾಡಾನೆ ಹಿಡಿಯುವ ಖೆಡ್ಡಾ ನೋಡಲು ಬಂದ ಅತಿಥಿಗಳಿಗಾಗಿ ಕಾಡಿನ ಅಂಚಿನಲ್ಲಿ ಬಿಡಾರಗಳೇ ಏಳುತ್ತಿದ್ದವು. ರಾಕಿ ಬೆಟ್ಟಗಳ ದಪ್ಪ ಕ್ಯಾನ್ವಾಸಿನ ಗುಡಾರವೂ ಕಬ್ಬಿಣದ ಸೌದೆ ಒಲೆಯ ಸಮೇತ ಹೇಸರಗತ್ತೆಯ ಬೆನ್ನೇರಿ ಬೆಟ್ಟ ಹತ್ತಿದ್ದು. ಹೇಸರಗತ್ತೆ ಹೊತ್ತರೆ ಶುದ್ಧ, ಟ್ರಕ್ ಎಳೆದರೆ ಮೈಲಿಗೆ ಎನ್ನುವುದು ಯಾವ ನ್ಯಾಯ?

ಇನ್ನು ಆ ಸೌಕರ್ಯವಾದರೂ ಎಂಥದ್ದು ನೋಡಿ. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ ಗುಂಡು ಹಾರಿಸಲು ಕಾನೂನು ಬಿಡುತ್ತದೆ. ಆ ಹೊತ್ತಿಗೆ ಬೆಟ್ಟದ ಮೇಲಿರಬೇಕೆಂದರೆ ನಾಲ್ಕಕ್ಕೆ ಏಳಬೇಕು. ಹಿಂದಿನ ದಿನ ಹಿಮದಲ್ಲಿ ನೆನೆದ ಬೂಟು ತಣ್ಣನೆಯ ಗುಡಾರದ ಮೂಲೆಯಲ್ಲಿ ಸೆಟೆದು ಕೊರಡಾಗಿರುತ್ತದೆ. ಆರ್.ವಿ.ಯಲ್ಲಿ ಅದೇ ಬೂಟು ಬಿಸಿಗಾಳಿಯ ಕಿಂಡಿಯೆದುರು ನಾಲಗೆ ಚಾಚಿಕೊಂಡು ಒಣಗಿರುತ್ತದೆ. ಎಪ್ಪತ್ತು ದಾಟಿದವರಿಗೆ, ಮಂಡಿನೋವಿನವರಿಗೆ, ಉಸಿರಾಟದ ಯಂತ್ರವಿಲ್ಲದೆ ಮಲಗಲಾರದವರಿಗೆ ಇಂಥ ಮನೆ ಇದ್ದರೆ ಬೇಟೆ, ಇಲ್ಲದಿದ್ದರೆ ಇಲ್ಲ.

ಮನೆಯೂ ಚಾಕರಿ ಕೇಳುತ್ತದೆ, ನಿಜ. ಮೈನಸ್ 42 ಡಿಗ್ರಿ ಚಳಿಯವರೆಗೂ ಪ್ರೊಪೇನ್ ಆವಿಯಾಗುತ್ತದೆ, ಹಾಗಾಗಿ ಗ್ಯಾಸು ಕೈಕೊಡುವುದಿಲ್ಲ. ಆದರೆ ಬಿಸಿಗಾಳಿ ಊದುವ ಫ್ಯಾನು ಓಡಬೇಕಾದದ್ದು ಬ್ಯಾಟರಿಯಿಂದ; ಚಳಿಗೆ ಬ್ಯಾಟರಿಯ ಕಸುವೇ ಕುಗ್ಗುತ್ತದೆ. ನಡುರಾತ್ರಿ ಫ್ಯಾನು ನಿಂತರೆ ಬೆಳಗಾಗುವುದರೊಳಗೆ ಕೊಳವೆಯ ನೀರು ಕಲ್ಲು. ಜನರೇಟರ್ ಹಚ್ಚಿದರೆ ಇಡೀ ಕಣಿವೆಗೆ ಕೇಳುತ್ತದೆ. ಪಳಗಿದವರು ಟ್ಯಾಂಕನ್ನು ಬರಿದು ಮಾಡಿಟ್ಟು, ಕುಡಿಯುವ ನೀರನ್ನು ಕ್ಯಾನಿನಲ್ಲಿ ತರುತ್ತಾರೆ. ಅಲ್ಲಿಗೆ ಅರ್ಧ ಗುಡಾರದ ಬಾಳೇ ಆಯಿತು.

ನನ್ನ ತಕರಾರು ಈ ಮನೆಯ ಬಗ್ಗೆ ಅಲ್ಲ, ಅದು ಕೇಳುವ ರಸ್ತೆಯ ಬಗ್ಗೆ. ಮೂವತ್ತು ಅಡಿ ಉದ್ದದ ವಾಹನ ತನಗೆ ತಿರುಗಲು ಜಾಗವಿರುವ ಕಡೆ ನಿಲ್ಲುತ್ತದೆ. ಜಿಂಕೆ ಎಲ್ಲಿದೆ ಎಂಬುದು ಅದಕ್ಕೆ ಬೇಕಿಲ್ಲ. ಆಮೇಲೆ ಮನುಷ್ಯನೂ ಅದರ ಸುತ್ತಲೇ ತಿರುಗತೊಡಗುತ್ತಾನೆ. ಮಧ್ಯಾಹ್ನದ ಬಿಸಿ ಸೂಪಿಗೆ ಮರಳಬೇಕೆಂಬ ಆಸೆ ಅವನ ಕಾಲಿಗೆ ಕಟ್ಟಿದ ಹಗ್ಗ. ಆರೆಗನ್ನಿನ ಸ್ಟಾರ್ಕಿ ಪ್ರಾಯೋಗಿಕ ಅರಣ್ಯದಲ್ಲಿ ಎಲ್ಕ್‌ಗಳ ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ ವರ್ಷಗಟ್ಟಲೆ ಗಮನಿಸಿದಾಗ, ವಾಹನ ಓಡಾಡುವ ರಸ್ತೆಗಳಿಂದ ಅವು ದೂರ ಸರಿಯುವುದು ಕಂಡಿತು. ಬೇಟೆಗಾರ ಹಾಯಾಗಿ ಬರುವ ದಾರಿಯೇ ಬೇಟೆಯನ್ನು ಓಡಿಸುವ ದಾರಿ.

ಆಲ್ಡೊ ಲಿಯೊಪೋಲ್ಡ್‌ಗೆ ಇದು ಬಹಳ ಹಿಂದೆಯೇ ಹೊಳೆದಿತ್ತು. ಅರಣ್ಯಾಧಿಕಾರಿ, ಸ್ವತಃ ಬೇಟೆಗಾರ. ರಸ್ತೆಯಿಲ್ಲದ, ಎರಡು ವಾರ ಕುದುರೆಗಳ ಮೇಲೆ ಸಾಮಾನು ಹೇರಿಕೊಂಡು ಸುತ್ತಬಲ್ಲಷ್ಟು ವಿಶಾಲವಾದ ಕಾಡು ಉಳಿಯಬೇಕೆಂದು 1921ರಲ್ಲಿ ವಾದಿಸಿದ. 1924ರಲ್ಲಿ ನ್ಯೂ ಮೆಕ್ಸಿಕೊದ ಗೀಲಾ ಹಾಗೆ ಉಳಿಯಿತು. 1964ರ ಅಮೆರಿಕದ ಕಾಯ್ದೆಯೊಂದು ಇಂಥ ಕಾಡುಗಳಿಂದ ಮೋಟಾರು ವಾಹನವನ್ನು ಹೊರಗಿಟ್ಟಿತು, ಬೇಟೆಗಾರನನ್ನು ಹೊರಗಿಡಲಿಲ್ಲ. ನನಗೆ ಒಪ್ಪಿಗೆಯಾಗುವ ಏರ್ಪಾಡು ಇದೇ: ರಸ್ತೆ ಮುಗಿಯುವಲ್ಲಿ ಮನೆ ನಿಲ್ಲಲಿ, ಅಲ್ಲಿಂದಾಚೆ ಕಾಲು ನಡೆಯಲಿ.

ನಡೆದವನಿಗೆ ವಾಪಸು ಬರುವಾಗಿನ ಲೆಕ್ಕ ಬೇರೆ. ಬಲಿತ ಗಂಡು ಎಲ್ಕ್ 300 ಕಿಲೊ ತೂಗುತ್ತದೆ. ಕಡಿದು, ತೊಡೆಯೊಂದೊಂದನ್ನೇ ಬೆನ್ನಿಗೇರಿಸಿ ನಾಲ್ಕೈದು ಸಲ ಅಲೆಯಬೇಕು. ಅಷ್ಟು ಹೊತ್ತು ತಂದ ಮಾಂಸಕ್ಕೆ ಆರ್.ವಿ.ಯ ಪುಟ್ಟ ಫ್ರಿಜ್ಜಿನಲ್ಲಿ ಜಾಗವಿಲ್ಲ. ಒಳಗಿನ ಬೆಚ್ಚಗಿನ ಗಾಳಿಗೆ ಕೆಟ್ಟೂ ಹೋಗುತ್ತದೆ. ಬಟ್ಟೆಯ ಚೀಲದಲ್ಲಿ ಹಾಕಿ, ಹೊರಗೆ ಮರದ ನೆರಳಿನಲ್ಲಿ ಚಳಿಗಾಳಿಗೆ ತೂಗುಹಾಕುತ್ತಾರೆ. ರಾತ್ರಿ ಒಳಗೆ ಬೆಚ್ಚಗೆ ಮಲಗಿದವನು ಹೊರಗೆ ಕರಡಿ ಬಂತೇ ಎಂದು ಕಿವಿ ನಿಮಿರಿಸಿಕೊಂಡೇ ಇರುತ್ತಾನೆ.