ಮಂಡಳಿ ಕೆಲಸನೂ ಇರಲಿ, ಸೈನ್ಯದ ಬಟ್ಟೆನೂ ಇರಲಿ

ಈ ಸಲ ಬೆಳೆ ವಿಷಯ ಅಲ್ಲ, ಹುಡುಗರ ಕೆಲಸದ ವಿಷಯ. ಪೂರ್ತಿ ಓದಿ, ಆಮೇಲೆ ಬೈಯಿರಿ.

ನಮ್ಮ ಅಣ್ಣನ ಮಗ ಪರಿಸರ ಇಂಜಿನಿಯರಿಂಗ್ ಓದ್ತಾ ಇದಾನೆ. ಮಾಲಿನ್ಯ ನಿಯಂತ್ರಣ ಮಂಡಳಿ ಕೆಲಸಕ್ಕೆ ಪರೀಕ್ಷೆ ಬರೀತೀನಿ, ಸಿಕ್ಕಿದ ಮೇಲೆ ಟೆರಿಟೋರಿಯಲ್ ಆರ್ಮಿಗೂ ಅರ್ಜಿ ಹಾಕ್ತೀನಿ ಅಂತಾನೆ. ಮನೇಲಿ ಹಿರಿಯರು "ಎರಡು ದೋಣಿಗೆ ಕಾಲಿಡಬೇಡ ಕಣೋ" ಅಂದ್ರು. ನಾನು ಹುಡುಗನ ಕಡೆ.

ಟೆರಿಟೋರಿಯಲ್ ಆರ್ಮಿ ಅಂದ್ರೆ ಕೆಲಸ ಬಿಟ್ಟು ಹೋಗೋ ಸೈನ್ಯ ಅಲ್ಲ. 1948ರ ಕಾಯ್ದೆಯಿಂದ ಬಂದಿದ್ದು. ಅಧಿಕಾರಿ ಆಗೋಕೆ ಪದವಿ ಇರಬೇಕು, ವಯಸ್ಸು 18ರಿಂದ 42ರ ಒಳಗೆ, ಕೈಯಲ್ಲಿ ಒಂದು ದುಡಿಮೆನೂ ಇರಬೇಕು. ವರ್ಷಕ್ಕೆ ಸುಮಾರು 2 ತಿಂಗಳು ತರಬೇತಿ, ಮಿಕ್ಕಂತೆ ತನ್ನ ಕೆಲಸ. ದೇಶಕ್ಕೆ ಬೇಕಾದಾಗ ಕರೆದ್ರೆ ಹೋಗಲೇಬೇಕು. ಕರೆ ಮೇಲೆ ಹೋದವನನ್ನ ವಾಪಸ್ ಕೆಲಸಕ್ಕೆ ಸೇರಿಸ್ಕೋಬೇಕು ಅಂತ ಆ ಕಾಯ್ದೆಯಲ್ಲೇ ಇದೆ. ಆದ್ರೆ ಪಿಂಚಣಿ ನಂಬ್ಕೊಂಡು ಹೋಗೋ ಜಾಗ ಅಲ್ಲ, ಅದನ್ನ ಹುಡುಗನಿಗೂ ಹೇಳಿದೀನಿ.

ಇನ್ನು ನೀರಿನ ಕೆಲಸ. ವೃಷಭಾವತಿ ನಿಮಗೆ ಹೊಸದಲ್ಲ. ಬೆಂಗಳೂರಿನ ಚರಂಡಿ, ಕಾರ್ಖಾನೆ ನೀರು ಹೊತ್ಕೊಂಡು ಬೈರಮಂಗಲ ಕೆರೆಗೆ ನೊರೆ ಸಮೇತ ಬರುತ್ತೆ. ಭತ್ತ ಬೆಳೀತಿದ್ದ ಗದ್ದೇಲಿ ಈಗ ಬೇಬಿ ಕಾರ್ನ್, ಸೀಮೆ ಹುಲ್ಲು. ಇಂಥ ಕಡೆ ಅಧಿಕಾರಿ ಬಂದು ಕ್ಯಾನಿನಲ್ಲಿ ನೀರು ಹಿಡ್ಕೊಂಡು ಹೋದ್ರೆ ಮುಗೀಲಿಲ್ಲ. 1974ರ ಜಲ ಕಾಯ್ದೆ 21ನೇ ಸೆಕ್ಷನ್ ನೋಡಿ. ಸ್ಯಾಂಪಲ್ ತೆಗೆಯೋವಾಗ ಕಾರ್ಖಾನೆಯವರಿಗೆ ಅಲ್ಲೇ ನೋಟಿಸ್ ಕೊಡಬೇಕು, ಅವರ ಎದುರಿಗೇ ಎರಡು ಪಾಲು ಮಾಡಿ ಸೀಲ್ ಹಾಕಬೇಕು, ಇಬ್ಬರ ಸಹಿ ಬೀಳಬೇಕು. ಅವರು ಬೇಕಂತ ತಪ್ಪಿಸ್ಕೊಂಡ್ರೆ ಅಧಿಕಾರಿ ಒಬ್ಬನೇ ಸೀಲ್ ಹಾಕಿ ಕಳಿಸಬಹುದು, ಆದ್ರೆ ಅವರು ತಪ್ಪಿಸ್ಕೊಂಡ ವಿಷಯ ವಿಶ್ಲೇಷಕರಿಗೆ ಬರೆದು ತಿಳಿಸಬೇಕು. ಇದರಲ್ಲಿ ಒಂದು ತಪ್ಪಿದ್ರೂ ಆ ವರದಿ ಕೋರ್ಟಲ್ಲಿ ಸಾಕ್ಷಿ ಆಗಲ್ಲ. ನೀರು ಕಪ್ಪಗಿದ್ರೂ ಅಷ್ಟೇ, ನಾತ ಹೊಡೆದ್ರೂ ಅಷ್ಟೇ.

ಅದಕ್ಕೇ ನನಗೆ ಆ ಬಟ್ಟೆ ಹಾಕಿದವನು ಬೇಕು. ನಡುರಾತ್ರಿ ನೀರು ಬಿಡ್ತಾರೆ ಅಂದ್ರೆ ನಡುರಾತ್ರೀನೇ ಎದ್ದು ಹೋಗೋನು, ಗೇಟಲ್ಲಿ ನಾಕು ಜನ ಜೋರು ಮಾಡಿದ್ರೆ ಕಾಗದ ಬಿಟ್ಟು ಓಡದೇ ಇರೋನು. ಸೈನ್ಯ ಹೊಳೆ ಕಾಯೋದು ಹೊಸದೂ ಅಲ್ಲ. 1982ರಲ್ಲೇ ಡೆಹ್ರಾಡೂನ್ ಕಡೆ ಗಣಿ ತಿಂದ ಗುಡ್ಡದಲ್ಲಿ ಗಿಡ ನೆಡೋಕೆ ಟೆರಿಟೋರಿಯಲ್ ಆರ್ಮಿಯ ಪರಿಸರ ದಳ ಕಟ್ಟಿದ್ರು. ಗಂಗೆಗೂ ಒಂದು ದಳ ಇದೆ, ಪ್ರಯಾಗರಾಜ್‌ನಲ್ಲಿ. ಬಹುಪಾಲು ಮಾಜಿ ಸೈನಿಕರೇ. ದಡದಲ್ಲಿ ಗಸ್ತು, ಗಿಡ ನೆಡೋದು, ಮಾಲಿನ್ಯ ಮಂಡಳಿಯವರಿಗೆ ನೀರು ಪರೀಕ್ಷೆಯಲ್ಲಿ ಕೈಜೋಡಿಸೋದು ಅವರ ಕೆಲಸ.

ಹಿರಿಯರ ಮಾತಲ್ಲೂ ಒಂದು ನಿಜ ಇದೆ. ಅವನು 2 ತಿಂಗಳು ಕ್ಯಾಂಪಿಗೆ ಹೋದ್ರೆ ಹೊಳೆ ಯಾರು ನೋಡ್ತಾರೆ? ಕಳ್ಳ ನೀರು ಬಿಡೋನಿಗೆ ಸಾಹೇಬರು ಊರಲ್ಲಿಲ್ಲ ಅನ್ನೋದು ನಮಗಿಂತ ಮುಂಚೆ ಗೊತ್ತಾಗುತ್ತೆ. ಅದಕ್ಕೆ ಹುಡುಗನ್ನ ತಡೆಯೋದು ಉತ್ತರ ಅಲ್ಲ. ಅವನ ಜಾಗಕ್ಕೆ ಬದಲಿ ಯಾರು ಅಂತ ಕಚೇರಿ ಬರವಣಿಗೆಯಲ್ಲಿ ಕೊಡಬೇಕು, ಆ ಹೆಸರು, ಫೋನ್ ನಂಬರ್ ಪಂಚಾಯ್ತಿ ಬೋರ್ಡ್ ಮೇಲೆ ಇರಬೇಕು. ಮುಂದಿನ ಗ್ರಾಮಸಭೆಯಲ್ಲಿ ಇದನ್ನ ನಾನು ಕೇಳ್ತೀನಿ. ಕೆರೆ ಅಚ್ಚುಕಟ್ಟಿನವರು ಒಂದು ಹತ್ತು ಜನ ಬಂದು ಜೊತೆಗೆ ನಿಂತ್ಕೊಳ್ಳಿ.