ಎಲ್‌ಕೆಜಿಗೆ ಮೊದಲು ಎಬಿಸಿಡಿ ಬೇಡ, ‘ಒಂದಕ್ಕೆ ಹೋಗ್ಬೇಕು ಮಿಸ್’ ಸಾಕು

ಮೇ ತಿಂಗಳು ಬಂತೆಂದರೆ ದಾವಣಗೆರೆಯ ದೇವರಾಜ ಅರಸು ಬಡಾವಣೆಯಿಂದ ಹಿಡಿದು ಹರಿಹರದ ಕಡೆಯ ಹಳ್ಳಿಗಳವರೆಗೆ ಒಂದೇ ಮಾತು: ‘ಮಗೂನ ಯಾವ ಕಾನ್ವೆಂಟಿಗೆ ಹಾಕ್ತೀರಿ?’ ಮೂರು ವರ್ಷದ ಮಗುವಿಗೆ ಎಬಿಸಿಡಿ ಬಾಯಿಪಾಠ ಶುರು. ಕೆಲವರು ಟ್ಯೂಷನ್ನಿಗೂ ಕಳಿಸುತ್ತಾರೆ. ಇಷ್ಟು ಅವಸರ ಬೇಡ ಎನ್ನುತ್ತೇವೆ ನಾವು.

ಮೊದಲು ವಯಸ್ಸಿನ ಲೆಕ್ಕ. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂದು ರಾಜ್ಯ ಸರ್ಕಾರ 2022ರಲ್ಲಿ ಆದೇಶ ಮಾಡಿತು. 2025-26ರಿಂದ ಅದು ಜಾರಿ ಎಂದಾಗ, ಬೇಗ ಸೇರಿ ಯುಕೆಜಿ ಮುಗಿಸಿದ್ದ ಮಕ್ಕಳ ಅಪ್ಪ ಅಮ್ಮಂದಿರು ಕಂಗಾಲಾದರು. ಕೊನೆಗೆ ಆ ಒಂದು ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳಿಗೆ ಸಡಿಲಿಕೆ ಸಿಕ್ಕಿತು. ಸಡಿಲಿಕೆ ನಂಬಿಕೊಂಡು ಮಗುವನ್ನು ಸೇರಿಸಬಾರದು. ಎಲ್‌ಕೆಜಿ, ಯುಕೆಜಿ ಎರಡು ವರ್ಷ. ಹಾಗಾದರೆ ಎಲ್‌ಕೆಜಿಗೆ 4 ತುಂಬಿರಬೇಕು. ಮೂರಕ್ಕೇ ಸೇರಿಸಿದರೆ ಮುಂದೆ ಒಂದು ವರ್ಷ ಕಾಯಿಸಬೇಕು, ಆ ವರ್ಷದ ಫೀಜೂ ಕಟ್ಟಬೇಕು.

ಮೂರರಿಂದ ನಾಲ್ಕರವರೆಗೆ ಏನು ಮಾಡೋಣ? ಊರಲ್ಲೇ ಅಂಗನವಾಡಿ ಇದೆ. ರಾಜ್ಯದಲ್ಲಿ ಈ ಯೋಜನೆ 1975ರ ಅಕ್ಟೋಬರ್ 2ರಂದು ಮೈಸೂರು ಜಿಲ್ಲೆಯ ತಿ.ನರಸೀಪುರದಲ್ಲಿ ಶುರುವಾಯಿತು. ಆಗ ಮುಖ್ಯಮಂತ್ರಿ ಆಗಿದ್ದವರು, ನಮ್ಮ ಬಡಾವಣೆಗೆ ಹೆಸರಾದ ದೇವರಾಜ ಅರಸರೇ. ಅಲ್ಲಿ ಹಾಲು, ಮೊಟ್ಟೆ, ಊಟದ ಜೊತೆಗೆ ಆಟ, ಹಾಡು, ಕಥೆಯ ‘ಚಿಲಿಪಿಲಿ’ ಪಾಠಕ್ರಮವೂ ಉಂಟು. ಅಮ್ಮನನ್ನು ಬಿಟ್ಟು ನಾಲ್ಕು ಮಕ್ಕಳ ಜೊತೆ ಕೂರುವುದನ್ನು ಮಗು ಮನೆ ಹತ್ತಿರವೇ ಕಲಿಯುತ್ತದೆ.

‘ಅಲ್ಲಿ ಊಟ ಬಿಟ್ರೆ ಏನೂ ಕಲಿಸಲ್ಲ’ ಎನ್ನುವವರಿದ್ದಾರೆ. ಕೆಲವು ಕಡೆ ಆ ಮಾತು ನಿಜವೂ ಹೌದು. ಆದರೆ ಸರ್ವೆ, ಚುನಾವಣೆ ಕೆಲಸ, ಮೊಬೈಲ್ ಆ್ಯಪ್ ಎಲ್ಲವನ್ನೂ ಕಾರ್ಯಕರ್ತೆಯ ತಲೆಗೆ ಕಟ್ಟಿದರೆ ಮಕ್ಕಳಿಗೆ ಹಾಡು ಹೇಳಿಕೊಡುವುದು ಯಾವಾಗ? ಆ ಹೊರೆ ಇಳಿಸಿ ಎಂದು ಗ್ರಾಮಸಭೆಯಲ್ಲಿ ನಾವೇ ಎದ್ದು ನಿಂತು ಕೇಳಬೇಕು. ನಮ್ಮ ಮಕ್ಕಳೇ ಹೋಗದಿದ್ದರೆ ಕೇಳುವವರು ಯಾರು?

ಮನೆಯಲ್ಲಿ ಕಲಿಸಬೇಕಾದದ್ದು ಬಹಳ ಇಲ್ಲ. ಒಂದಕ್ಕೆ, ಎರಡಕ್ಕೆ ಬಂದರೆ ಬಾಯಿಬಿಟ್ಟು ಹೇಳುವುದು. ಚಡ್ಡಿ ತಾನೇ ಏರಿಸಿಕೊಳ್ಳುವುದು. ಟಿಫಿನ್ ಡಬ್ಬಿ ಮುಚ್ಚಳ ತೆಗೆದು ತಾನೇ ತಿನ್ನುವುದು, ಕೈ ತೊಳೆಯುವುದು. ತನ್ನ ಹೆಸರು, ಅಪ್ಪ ಅಮ್ಮನ ಹೆಸರು, ಊರಿನ ಹೆಸರು ಹೇಳುವುದು. ರಾತ್ರಿ ಬೇಗ ಮಲಗುವುದು. ಇದನ್ನೆಲ್ಲ ಅಜ್ಜಿಯೂ ಕಲಿಸಬಹುದು, ದುಡ್ಡು ಬೇಕಿಲ್ಲ. ಅಜ್ಜಿ ಹೇಳುವ ಕಥೆ ಕನ್ನಡದಲ್ಲೇ ಇರಲಿ, ಮನೆಮಾತು ಬೇರೆಯಾದರೆ ಆ ಮಾತಿನಲ್ಲೇ ಇರಲಿ. ಒಂದು ಭಾಷೆಯಲ್ಲಿ ಚೆನ್ನಾಗಿ ಮಾತಾಡುವ ಮಗು ಇನ್ನೊಂದನ್ನೂ ಕಲಿಯುತ್ತದೆ.

ಒಂದು ಮಾತನ್ನು ಮಾತ್ರ ಬಿಟ್ಟುಬಿಡಿ: ‘ತಡಿ, ಸ್ಕೂಲಿಗೆ ಹಾಕ್ತೀನಿ, ಮಿಸ್ ಹೊಡೀತಾರೆ.’ ಹೀಗೆ ಹೆದರಿಸಿ, ಆಮೇಲೆ ವ್ಯಾನ್ ಹತ್ತು ಎಂದರೆ ಮಗು ಅಳದೆ ಇನ್ನೇನು ಮಾಡೀತು? ಮೊದಲ ವಾರ ಅತ್ತರೆ ಗಾಬರಿ ಬೇಡ. ಕದ್ದು ಬಿಟ್ಟುಬರಬೇಡಿ. ‘ಮಧ್ಯಾಹ್ನ ಬರ್ತೀನಿ’ ಎಂದು ಹೇಳಿ, ಹೇಳಿದ ಹೊತ್ತಿಗೆ ಬಾಗಿಲಲ್ಲಿ ನಿಲ್ಲಿ. ನಿಮ್ಮ ಮಾತು ನಂಬಬಹುದು ಎಂದು ಗೊತ್ತಾದ ಮಗು ಮರುದಿನ ತಾನೇ ಚಪ್ಪಲಿ ಹುಡುಕುತ್ತದೆ.